ಓಣಿಯ ಕಾವಲು: ಕಾಶಿಯ ಬಂಗಾಲಿ ಟೋಲಾ ಮತ್ತು ಪೊಲೀಸ್ ಗಸ್ತು

ಕಾಶಿಯಾತ್ರೆ ಮಾಡಿ ಬಂದ ಕನ್ನಡಿಗರಲ್ಲಿ ಬಂಗಾಲಿ ಟೋಲಾದ ಓಣಿಯನ್ನು ತುಳಿದವರು ಅನೇಕರಿದ್ದಾರೆ. ಅದರ ಹೆಸರನ್ನು ನೆನಪಿನಲ್ಲಿಟ್ಟುಕೊಂಡವರು ಕಡಿಮೆ. ಗೊದೌಲಿಯಾ ವೃತ್ತದ ಸಮೀಪವಿರುವ ಜಂಗಮವಾಡಿ ಮಠದಲ್ಲಿ ಇಳಿದುಕೊಂಡವರು ಕೇದಾರ ಘಟ್ಟಕ್ಕೆ ಹೊರಟಾಗ, ಹನುಮಾನ್ ಘಟ್ಟದ ಬಳಿಯ ಕರ್ನಾಟಕ ಛತ್ರದಲ್ಲಿ ತಂಗಿದವರು ವಿಶ್ವನಾಥನ ದರ್ಶನಕ್ಕೆ ನಡೆದು ಬರುವಾಗ, ಈ ಓಣಿಯೊಳಗಿಂದ ಹಾದುಹೋಗುವುದುಂಟು. ದಶಾಶ್ವಮೇಧದ ಕಡೆಯಿಂದ ದಕ್ಷಿಣಕ್ಕೆ, ಗಂಗೆಗೆ ಸಮಾನಾಂತರವಾಗಿ, ಘಟ್ಟಗಳಿಗೂ ಮದನಪುರದ ಹೆದ್ದಾರಿಗೂ ನಡುವೆ ಅದು ಸೋನಾರ್‌ಪುರದ ಕಡೆಗೆ ಸಾಗುತ್ತದೆ. ಟೋಲಾ ಎಂದರೆ ಕೇರಿ. ಹಲವು ತಲೆಮಾರುಗಳಿಂದ ಬಂಗಾಳದ ಕುಟುಂಬಗಳು ನೆಲೆಸಿದ ಕೇರಿಯಾದ್ದರಿಂದ ಈ ಹೆಸರು. ಕಾಶಿಯಲ್ಲಿಯೇ ಕೊನೆಯುಸಿರೆಳೆಯಬೇಕೆಂಬ ಬಯಕೆಯಿಂದ ಬಂದ ವೃದ್ಧರೂ ವಿಧವೆಯರೂ ಇಲ್ಲಿಯ ಹಳೆಯ ಮನೆಗಳಲ್ಲಿ ವಾಸಿಸಿದರು. ಇಂದು ಆ ಮನೆಗಳ ನಡುವೆ ಅತಿಥಿಗೃಹಗಳು, ರೇಷ್ಮೆ ಅಂಗಡಿಗಳು, ಮಿಠಾಯಿ ಅಂಗಡಿಗಳು ತಲೆಯೆತ್ತಿವೆ. ಓಣಿಯ ಅಗಲ ಮಾತ್ರ ಹೆಚ್ಚಿಲ್ಲ. ಇಬ್ಬರು ಎದುರುಬದುರಾಗಿ ಬಂದರೆ ಒಬ್ಬರು ಗೋಡೆಗೆ ಒತ್ತಿ ನಿಲ್ಲಬೇಕಾದ ಎಡೆಗಳೂ ಅಲ್ಲಿವೆ.

ಇಂತಹ ಎಡೆಯಲ್ಲಿ ಪೊಲೀಸ್ ಜೀಪು ನಿರುಪಯೋಗಿ. ಸೈರನ್ನಿನ ಸದ್ದು ಮೂರು ತಿರುವುಗಳಲ್ಲಿ ಕರಗಿಹೋಗುತ್ತದೆ. ಶಾಂತಿಪಾಲನೆಯ ಕೆಲಸವನ್ನು ಕಾಲ್ನಡಿಗೆಯ ಪೇದೆಯೇ ಮಾಡಬೇಕಾಗುತ್ತದೆ. ಪೊಲೀಸರ ದೈನಂದಿನ ಗಸ್ತು ಎಂದರೇನು, ಅದು ಏತಕ್ಕೆ, ಅದರ ಅಧಿಕಾರದ ಎಲ್ಲೆ ಎಲ್ಲಿಯವರೆಗೆ ಎಂಬುದನ್ನು ಅರಿಯಲು ಇಷ್ಟು ಕಿರಿದಾದ ಓಣಿಯೇ ತಕ್ಕ ಪಾಠಶಾಲೆ.

ಕೊತ್ವಾಲ, ಫಾಟಕ, ಮನೆಯ ಸಂಖ್ಯೆ

ಗಸ್ತು ಎಂಬ ಶಬ್ದ ಫಾರಸಿಯಿಂದ ಬಂದುದು. ಸುತ್ತಾಡುವುದು, ಸುತ್ತು ಹಾಕುವುದು ಎಂದು ಅದರ ಅರ್ಥ. ಉತ್ತರ ಪ್ರದೇಶದ ಪೇದೆ ಗಶ್ತ್ ಎನ್ನುತ್ತಾನೆ, ಕರ್ನಾಟಕದ ಪೇದೆ ಗಸ್ತು ಎನ್ನುತ್ತಾನೆ. ಶಬ್ದ ಹೊರಗಿನದಾದರೂ ಕೆಲಸ ಕನ್ನಡಿಗರಿಗೆ ಹೊಸದಲ್ಲ. ಊರಿನ ತಳವಾರ ರಾತ್ರಿ ದೀವಟಿಗೆ ಹಿಡಿದು ಸುತ್ತು ಹಾಕುತ್ತಿದ್ದುದೂ ಇದೇ ಕೆಲಸ. ತಳವಾರನಿಗೆ ಪ್ರತಿ ಮನೆಯ ಹೆಸರು ಗೊತ್ತು, ಯಾರ ಮನೆಗೆ ನೆಂಟರು ಬಂದಿದ್ದಾರೆಂಬುದೂ ಗೊತ್ತು. ಆ ಅರಿವೇ ಅವನ ಆಯುಧವಾಗಿತ್ತು.

ಕಾಶಿಯಲ್ಲಿ ಕಾವಲಿನ ಕಲ್ಪನೆ ದೇವರವರೆಗೂ ಹೋಗಿದೆ. ಕಾಲಭೈರವನನ್ನು ಭಕ್ತರು ಕಾಶಿಯ ಕೊತ್ವಾಲನೆಂದು ಕರೆಯುತ್ತಾರೆ. ಅವನ ಗುಡಿಯ ಸಮೀಪದ ಕೊತ್ವಾಲಿ ಠಾಣೆಯಲ್ಲಿ ಮುಖ್ಯ ಕುರ್ಚಿಯನ್ನು ಭೈರವನಿಗೆಂದು ಬಿಟ್ಟು, ಠಾಣಾಧಿಕಾರಿ ಬದಿಯ ಕುರ್ಚಿಯಲ್ಲಿ ಕುಳಿತುಕೊಳ್ಳುವ ರೂಢಿಯಿದೆ. ಲೌಕಿಕ ಕೊತ್ವಾಲರೂ ಇದ್ದರು. 1781ರಲ್ಲಿ ವಾರನ್ ಹೇಸ್ಟಿಂಗ್ಸ್ ಅಲಿ ಇಬ್ರಾಹಿಂ ಖಾನ್‌ನನ್ನು ಬನಾರಸಿನ ಮುಖ್ಯ ದಂಡಾಧಿಕಾರಿಯನ್ನಾಗಿ ನೇಮಿಸಿದಾಗ ನಗರದ ಕೊತ್ವಾಲಿಯೂ ಅವನ ಅಧೀನಕ್ಕೆ ಬಂದಿತು. ಆದರೆ ಓಣಿಗಳ ರಾತ್ರಿಕಾವಲು ಬಹುಮಟ್ಟಿಗೆ ಕೇರಿಗಳವರ ಕೈಯಲ್ಲಿಯೇ ಉಳಿಯಿತು. ಕೇರಿಯ ಬಾಯಿಗೆ ಫಾಟಕ, ಎಂದರೆ ಹೆಬ್ಬಾಗಿಲು. ಕತ್ತಲಾದ ಮೇಲೆ ಅದನ್ನು ಮುಚ್ಚಲಾಗುತ್ತಿತ್ತು. ಕಾವಲುಗಾರನ ಸಂಬಳಕ್ಕೂ ಬಾಗಿಲಿನ ದುರಸ್ತಿಗೂ ನಿವಾಸಿಗಳೇ ಹಣ ಕೂಡಿಸಿ ಕೊಡುತ್ತಿದ್ದರು. ಈ ವಂತಿಗೆಗೆ ಫಾಟಕಬಂದಿ ಎಂದು ಹೆಸರು. ಫಾಟಕ್ ಶೇಖ್ ಸಲೀಂನಂತಹ ಮೊಹಲ್ಲಾಗಳ ಹೆಸರಿನಲ್ಲಿ ಆ ಬಾಗಿಲುಗಳು ಇಂದಿಗೂ ಉಳಿದಿವೆ.

1857ರ ಸಂಗ್ರಾಮದ ಬಳಿಕ ಈ ವ್ಯವಸ್ಥೆ ಹೋಗಿ ಸಮವಸ್ತ್ರದ, ಸರ್ಕಾರಿ ಸಂಬಳದ ಪೊಲೀಸ್ ಪಡೆ ಬಂದಿತು. ಅದಕ್ಕೆ ಆಧಾರವಾದ 1861ರ ಪೊಲೀಸ್ ಅಧಿನಿಯಮ ಉತ್ತರ ಪ್ರದೇಶದಲ್ಲಿ ಈಗಲೂ ಜಾರಿಯಲ್ಲಿದೆ. ಕರ್ನಾಟಕದಲ್ಲಿ ಅದರ ಸ್ಥಾನವನ್ನು 1963ರ ಕರ್ನಾಟಕ ಪೊಲೀಸ್ ಅಧಿನಿಯಮ ತುಂಬಿದೆ. ಸಂವಿಧಾನದ ಏಳನೆಯ ಅನುಸೂಚಿಯ ಪ್ರಕಾರ ಪೊಲೀಸ್ ರಾಜ್ಯಗಳ ವಿಷಯವಾದ್ದರಿಂದ ಇಂತಹ ವ್ಯತ್ಯಾಸಗಳು ಸಹಜ. ವಾರಾಣಸಿಯಲ್ಲಿ 2021ರ ಮಾರ್ಚ್‌ನಲ್ಲಿ ಪೊಲೀಸ್ ಆಯುಕ್ತರ ವ್ಯವಸ್ಥೆ ಜಾರಿಗೆ ಬಂದಿದೆ.

ಠಾಣೆಗೂ ಮನೆಗೂ ಇರುವ ನಂಟು ಕಾಶಿಯ ಬಾಗಿಲುಗಳ ಮೇಲೆಯೇ ಬರೆದಿದೆ ಎಂಬುದು ಯಾತ್ರಿಕರ ಗಮನಕ್ಕೆ ಬರುವುದು ಅಪರೂಪ. ಹಳೆಯ ನಗರದ ಮನೆಸಂಖ್ಯೆಗಳು ಒಂದು ಅಕ್ಷರದಿಂದ ಆರಂಭವಾಗುತ್ತವೆ. ‘ಎ’ ಎಂದರೆ ಆದಂಪುರ, ‘ಬಿ’ ಎಂದರೆ ಭೇಲುಪುರ, ‘ಸಿ ಕೆ’ ಎಂದರೆ ಚೌಕ್, ‘ಡಿ’ ಎಂದರೆ ದಶಾಶ್ವಮೇಧ, ‘ಕೆ’ ಎಂದರೆ ಕೊತ್ವಾಲಿ. ಇವು ನಗರದ ಹಳೆಯ ವಿಭಾಗಗಳ ಹೆಸರುಗಳು. ಅವೇ ಹೆಸರಿನ ಪೊಲೀಸ್ ಠಾಣೆಗಳೂ ಇವೆ. ಬಂಗಾಲಿ ಟೋಲಾದ ಮನೆಗಳ ಮೇಲೆ ‘ಡಿ’ ಕಾಣುತ್ತದೆ. ದಕ್ಷಿಣಕ್ಕೆ ನಡೆಯುತ್ತ ಕೇದಾರ ಘಟ್ಟದ ಆಸುಪಾಸಿಗೆ ಬಂದರೆ ‘ಬಿ’ ಕಾಣತೊಡಗುತ್ತದೆ. ಠಾಣೆಗಳ ಸರಹದ್ದು ಕಾಲಕಾಲಕ್ಕೆ ಬದಲಾಗುವುದರಿಂದ ಅಕ್ಷರವೊಂದನ್ನೇ ನಂಬಲಾಗದು. ಆದರೂ ತಂಗಿರುವ ಮನೆಯ ಪೂರ್ಣ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದು ಸೆರಗಿನಲ್ಲಿಯೋ ಜೇಬಿನಲ್ಲಿಯೋ ಇಟ್ಟುಕೊಂಡ ಯಾತ್ರಿಕನನ್ನು ಗಸ್ತಿನ ಪೇದೆ ಹತ್ತು ನಿಮಿಷದಲ್ಲಿ ಮನೆ ಮುಟ್ಟಿಸಬಲ್ಲ. ಗಂಗಾತೀರದ ಯಾವುದೋ ಹಳದಿ ಮನೆ ಎಂದಷ್ಟೇ ಹೇಳುವವನ ಪಾಡು ಬೇರೆ.

ಒಂದು ದಿನದ ಸುತ್ತು

ಗಸ್ತು ಓಣಿಯಲ್ಲಿ ಆರಂಭವಾಗುವುದಿಲ್ಲ, ಠಾಣೆಯ ಪುಸ್ತಕದಲ್ಲಿ ಆರಂಭವಾಗುತ್ತದೆ. ಪಾಳಿಗೆ ಬಂದವರ ಹಾಜರಿ ತೆಗೆದುಕೊಂಡ ಮೇಲೆ ಹಿಂದಿನ ರಾತ್ರಿ ಏನು ನಡೆಯಿತು, ಯಾರು ಕಾಣೆಯಾಗಿದ್ದಾರೆ, ಯಾವ ಗಣ್ಯರು ಬರಲಿದ್ದಾರೆ, ಎಲ್ಲಿ ಮೆರವಣಿಗೆಯಿದೆ ಎಂಬುದನ್ನು ತಿಳಿಸಲಾಗುತ್ತದೆ. ಹೊರಟವರ ಹೆಸರು, ವೇಳೆ, ಹೋಗುವ ಕ್ಷೇತ್ರ ಠಾಣಾ ದಿನಚರಿಯಲ್ಲಿ ನಮೂದಾಗುತ್ತವೆ. ಈ ದಿನಚರಿಯನ್ನು ಇಡಬೇಕೆಂಬ ನಿಯಮ 1861ರ ಅಧಿನಿಯಮದ 44ನೆಯ ಪ್ರಕರಣದಲ್ಲಿಯೇ ಇದೆ. ಹಿಂದಿಯಲ್ಲಿ ಇದಕ್ಕೆ ರೋಜ್‌ನಾಮಚಾ ಎನ್ನುತ್ತಾರೆ. ಹೊರಡುವಾಗ ರವಾನಗಿ, ಮರಳಿದಾಗ ವಾಪಸಿ. ಇವೆರಡು ನಮೂದುಗಳ ನಡುವಿನ ವೇಳೆಗೆ ಪೇದೆ ಉತ್ತರ ಕೊಡಬೇಕು.

ಕಾಶಿಯ ಬೆಳಗು ಸೂರ್ಯೋದಯಕ್ಕಿಂತ ಬಹಳ ಮೊದಲೇ ಆಗುತ್ತದೆ. ಸ್ನಾನಕ್ಕೆ ಹೊರಟವರು ಅರೆಗತ್ತಲಿನಲ್ಲಿಯೇ ಓಣಿ ಹಿಡಿಯುತ್ತಾರೆ. ಕೈಯಲ್ಲಿ ಬಟ್ಟೆಯ ಗಂಟು, ಬಾಯಲ್ಲಿ ಮಂತ್ರ, ಗಮನ ಬೇರೆಲ್ಲಿಯೋ. ಜೇಬುಗಳ್ಳನಿಗೂ ಸರಗಳ್ಳನಿಗೂ ಇಂತಹ ವೇಳೆ ಅನುಕೂಲ. ಘಟ್ಟದ ಮೆಟ್ಟಿಲ ಮೇಲೆ ಬಿಟ್ಟುಹೋದ ಚೀಲ, ನೀರಿಗಿಳಿದವನು ಮರಳಿ ಬರುವ ವೇಳೆಗೆ ಮಾಯವಾಗಿರಬಹುದು. ಈ ಹೊತ್ತಿನಲ್ಲಿ ಪೇದೆ ಹೆಚ್ಚು ನಡೆಯುವುದಿಲ್ಲ. ಓಣಿ ಘಟ್ಟಕ್ಕೆ ಕೂಡುವ ಕಟ್ಟೆಯ ಬಳಿ ನಿಲ್ಲುತ್ತಾನೆ. ನಡೆಯುವುದೆಷ್ಟು, ನಿಲ್ಲುವುದೆಷ್ಟು ಎಂಬುದು ಅನುಭವದಿಂದ ಬರುವ ವಿವೇಚನೆ. ನೀರಿನ ಮೇಲಿನ ಹೊಣೆಯನ್ನು ಜಲ ಪೊಲೀಸರು ಹೊರುತ್ತಾರೆ. ಮುಳುಗುವವರನ್ನು ಎತ್ತುವುದು, ದೋಣಿಗಳಲ್ಲಿ ಮಿತಿಮೀರಿ ಜನರನ್ನು ತುಂಬದಂತೆ ನೋಡುವುದು ಅವರ ಕೆಲಸ.

ಹಗಲು ಏರಿದಂತೆ ಸಮಸ್ಯೆಗಳ ಸ್ವರೂಪ ಬದಲಾಗುತ್ತದೆ. ಮೋಟಾರು ಸೈಕಲ್ಲುಗಳು ಓಣಿಗೆ ನುಗ್ಗುತ್ತವೆ. ಅಂಗಡಿಯ ಸರಕು ಹಾದಿಗೆ ಚಾಚಿಕೊಳ್ಳುತ್ತದೆ. ಹರಕು ಚರಂಡಿಯ ಬಳಿ ಕಟ್ಟಡದ ಕಲ್ಲುಮಣ್ಣು ರಾಶಿ ಬೀಳುತ್ತದೆ. 1861ರ ಅಧಿನಿಯಮದ 34ನೆಯ ಪ್ರಕರಣವನ್ನು ಓದಿದರೆ ಬಂಗಾಲಿ ಟೋಲಾವನ್ನು ಕಣ್ಣೆದುರಿಗಿಟ್ಟುಕೊಂಡೇ ಬರೆದಂತೆ ತೋರುತ್ತದೆ: ಹಾದಿಯಲ್ಲಿ ವಾಹನವನ್ನು ದುಡುಕಿ ಓಡಿಸುವುದು, ದಾರಿಗಡ್ಡವಾಗಿ ಸರಕು ಹರಡುವುದು, ಕಸ ಚೆಲ್ಲುವುದು, ಪ್ರಾಣಿಗಳನ್ನು ಹಿಂಸಿಸುವುದು, ಕುಡಿದು ಗಲಭೆ ಮಾಡುವುದು, ಅಪಾಯದ ಹೊಂಡ ಬಾವಿಗಳಿಗೆ ತಡೆ ಕಟ್ಟದಿರುವುದು ಇವೆಲ್ಲ ಅದರಲ್ಲಿವೆ. ಮೂಲ ಅಧಿನಿಯಮ ವಿಧಿಸಿದ ದಂಡ 50 ರೂಪಾಯಿ ಮೀರದು. ದಂಡಕ್ಕಿಂತ ಪೇದೆಯ ಮಾತೇ ಇಂತಹ ವಿಷಯಗಳಲ್ಲಿ ಹೆಚ್ಚು ಕೆಲಸ ಮಾಡುತ್ತದೆ. ಓಣಿಯ ನಡುವೆ ಮಲಗಿದ ಗೂಳಿಗೆ ಮಾತ್ರ ಯಾವ ಪ್ರಕರಣವೂ ಅನ್ವಯಿಸದು; ಪೇದೆಯೂ ಸುತ್ತಿ ಹೋಗುತ್ತಾನೆ.

ಅತಿಥಿಗೃಹಗಳ ದಾಖಲೆ ನೋಡುವುದೂ ಈ ಭಾಗದ ಕರ್ತವ್ಯಗಳಲ್ಲೊಂದು. ವಿದೇಶೀಯರು ತಂಗಿದರೆ ಮನೆಯ ಮಾಲೀಕರು 24 ಗಂಟೆಗಳೊಳಗೆ ಅಧಿಕಾರಿಗಳಿಗೆ ಮಾಹಿತಿ ಸಲ್ಲಿಸಬೇಕೆಂಬ ನಿಯಮವಿದೆ. 2025ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ವಲಸೆ ಮತ್ತು ವಿದೇಶೀಯರ ಅಧಿನಿಯಮ, 1946ರ ಹಳೆಯ ಕಾಯಿದೆಯ ಸ್ಥಾನಕ್ಕೆ ಬಂದಿದೆ. ಒಂದು ಕೊಠಡಿಯನ್ನು ಬಾಡಿಗೆಗೆ ಕೊಟ್ಟ ಸಣ್ಣ ಮನೆಯವರಿಗೂ ಈ ಹೊಣೆ ತಪ್ಪದು. ಇದನ್ನು ಬೆದರಿಕೆಯ ಸಾಧನವನ್ನಾಗಿ ಮಾಡದೆ ತಿಳಿಹೇಳುವ ಪೇದೆಗೆ ಮುಂದೆ ಅದೇ ಮನೆಯವರು ತಾವಾಗಿ ಸುದ್ದಿ ಕೊಡುತ್ತಾರೆ.

ಸಂಜೆಯ ಆರತಿಯ ವೇಳೆ ಇಡೀ ಓಣಿ ದಶಾಶ್ವಮೇಧದ ಕಡೆಗೆ ಹರಿಯುತ್ತದೆ. 2010ರ ಡಿಸೆಂಬರ್ 7ರಂದು, ಆರತಿಯ ಹೊತ್ತಿನಲ್ಲಿಯೇ, ದಶಾಶ್ವಮೇಧಕ್ಕೆ ಹೊಂದಿಕೊಂಡ ಶೀತಲಾ ಘಟ್ಟದಲ್ಲಿ ಬಾಂಬ್ ಸ್ಫೋಟಿಸಿತು. ಒಂದು ಪುಟ್ಟ ಮಗು ಸತ್ತುಹೋಯಿತು, ಅನೇಕರು ಗಾಯಗೊಂಡರು. ಅದಕ್ಕೂ ನಾಲ್ಕು ವರ್ಷ ಮೊದಲು, 2006ರ ಮಾರ್ಚ್ 7ರಂದು, ಸಂಕಟಮೋಚನ ದೇವಾಲಯದಲ್ಲಿಯೂ ರೈಲು ನಿಲ್ದಾಣದಲ್ಲಿಯೂ ಸ್ಫೋಟಗಳಾಗಿದ್ದವು. ವಾರಸುದಾರರಿಲ್ಲದ ಚೀಲವೊಂದನ್ನು ಕಂಡಾಗ ಪೇದೆ ಸುತ್ತಲಿನವರನ್ನು ದೂರ ಸರಿಸಿ, ತಾನೂ ಮುಟ್ಟದೆ, ಪರಿಣತರಿಗೆ ಸುದ್ದಿ ಮುಟ್ಟಿಸುವುದು ಏಕೆಂಬುದನ್ನು ಈ ದಿನಾಂಕಗಳು ಹೇಳುತ್ತವೆ. ಆ ಚೀಲ ನೂರಕ್ಕೆ ತೊಂಬತ್ತೊಂಬತ್ತು ಸಲ ಯಾರೋ ಮರೆತುಹೋದ ಒದ್ದೆ ಬಟ್ಟೆಯದಾಗಿರುತ್ತದೆ. ಅದರೊಡೆಯ ಬಂದು ಪೇದೆಯ ಮೇಲೆ ರೇಗುವುದೂ ಉಂಟು.

ರಾತ್ರಿಯ ಗಸ್ತು ಇನ್ನೊಂದು ಬಗೆಯದು. ಹಗಲಿನಲ್ಲಿ ಮುಖಗಳನ್ನು ನೋಡುವ ಪೇದೆ ರಾತ್ರಿ ಬಾಗಿಲುಗಳನ್ನು ನೋಡುತ್ತಾನೆ. ಅಂಗಡಿಯ ಬೀಗವನ್ನು ಎಳೆದು ಪರೀಕ್ಷಿಸುತ್ತಾನೆ, ನಿನ್ನೆ ಮುಚ್ಚಿದ್ದ ಕಿಟಕಿ ಇಂದು ತೆರೆದಿದೆಯೇ ಎಂದು ಗಮನಿಸುತ್ತಾನೆ, ಸುಟ್ಟ ತಂತಿಯ ವಾಸನೆ ಬಂದರೆ ನಿಲ್ಲುತ್ತಾನೆ. ಹಾಳುಬಿದ್ದ ಹಳೆಯ ಮನೆಗಳು ಮಳೆಗಾಲದಲ್ಲಿ ಕುಸಿಯುವ ಭಯವಿರುವುದರಿಂದ ಗೋಡೆಯ ಬಿರುಕೂ ಅವನ ಟಿಪ್ಪಣಿಗೆ ಸೇರಬೇಕು. ಒಂಟಿಯಾಗಿ ವಾಸಿಸುವ ಮುದುಕಿಯ ಕೋಣೆಯ ದೀಪ ಎಂದಿನ ವೇಳೆಗೆ ಹತ್ತದಿದ್ದರೆ ಬಾಗಿಲು ತಟ್ಟಬೇಕು. ಇದಾವುದೂ ಅಪರಾಧಗಳ ಅಂಕಿಸಂಖ್ಯೆಯಲ್ಲಿ ಬರುವುದಿಲ್ಲ. ಸಿಗ್ರಾದಲ್ಲಿರುವ ನಿಯಂತ್ರಣ ಕೇಂದ್ರಕ್ಕೆ ನಗರದ ಕ್ಯಾಮೆರಾಗಳ ಚಿತ್ರಗಳು ಈಗ ಬರುತ್ತವೆ, ವಾಸನೆ ಬರುವುದಿಲ್ಲ.

1914: ಪೊಲೀಸರಿಗೆ ತಿಳಿಯದ ಓಣಿ

ಗಸ್ತು ಇದ್ದೂ ಓಣಿ ತಿಳಿಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ಬಂಗಾಲಿ ಟೋಲಾ ಚರಿತ್ರೆಯಲ್ಲಿ ದಾಖಲಾದ ನಿದರ್ಶನವೊಂದನ್ನು ಒದಗಿಸಿದೆ. 1912ರ ಡಿಸೆಂಬರ್ 23ರಂದು ದೆಹಲಿಯಲ್ಲಿ ವೈಸರಾಯ್ ಹಾರ್ಡಿಂಜ್ ಮೇಲೆ ಬಾಂಬ್ ಎಸೆದ ಪ್ರಕರಣದ ಬಳಿಕ ರಾಸ್ ಬಿಹಾರಿ ಬೋಸರಿಗಾಗಿ ಸರ್ಕಾರ ದೇಶವೆಲ್ಲ ಹುಡುಕುತ್ತಿತ್ತು. ಬಹುಮಾನ ಘೋಷಿಸಲಾಗಿತ್ತು, ಭಾವಚಿತ್ರ ಎಲ್ಲೆಡೆ ಹಂಚಲಾಗಿತ್ತು. ಬೋಸರು 1914ರ ಆರಂಭದಲ್ಲಿ ಬನಾರಸಿಗೆ ಬಂದು ಆ ವರ್ಷದ ಬಹುಭಾಗವನ್ನು ಬಂಗಾಲಿ ಟೋಲಾದ ಸಮೀಪದಲ್ಲಿಯೇ ಕಳೆದರು. ರಾತ್ರಿಯ ವೇಳೆ ವ್ಯಾಯಾಮಕ್ಕೆಂದು ಹೊರಗೆ ತಿರುಗಾಡುತ್ತಲೂ ಇದ್ದರು. ಪೊಲೀಸರಿಗೆ ಸುಳಿವು ಹತ್ತಲಿಲ್ಲ.

ಅವರ ಸಂಗಾತಿ ಶಚೀಂದ್ರನಾಥ ಸಾನ್ಯಾಲ್ ಈ ನೆಲದವರೇ. 1908ರಲ್ಲಿ, ಬಂಗಾಲಿ ಟೋಲಾ ಪ್ರೌಢಶಾಲೆಯ ಮೇಲ್ತರಗತಿಯಲ್ಲಿ ಓದುತ್ತಿದ್ದಾಗ, ಇತರ ತರುಣರೊಂದಿಗೆ ಅನುಶೀಲನ ಸಮಿತಿಯನ್ನು ಸ್ಥಾಪಿಸಿದ್ದರು. 1854ರಲ್ಲಿ ಆರಂಭವಾದ ಆ ಶಾಲೆ ಇಂದು ಇಂಟರ್ ಕಾಲೇಜಾಗಿ ನಡೆಯುತ್ತಿದೆ. 1914ರ ನವೆಂಬರ್ 18ರ ರಾತ್ರಿ ಬಾಂಬಿನ ಎರಡು ಕೇಪುಗಳನ್ನು ಪರೀಕ್ಷಿಸುತ್ತಿದ್ದಾಗ ಅವು ಸಿಡಿದು ಬೋಸರಿಗೂ ಸಾನ್ಯಾಲರಿಗೂ ಗಾಯಗಳಾದವು. ಅನಂತರ ಬೋಸರು ಬಂಗಾಲಿ ಟೋಲಾದೊಳಗಿನ ಮನೆಯೊಂದಕ್ಕೇ ವಾಸ ಬದಲಿಸಿದರು. ಸ್ಫೋಟದ ಸದ್ದು ಕೇಳಿದ ನೆರೆಯವರಾರೂ ಠಾಣೆಗೆ ಓಡಿದಂತೆ ಕಾಣುವುದಿಲ್ಲ. 1915ರ ಫೆಬ್ರವರಿಯಲ್ಲಿ ಯೋಜಿಸಿದ್ದ ದಂಗೆ ದ್ರೋಹದಿಂದ ವಿಫಲವಾಯಿತು. ಅದೇ ವರ್ಷ ಮೇ ತಿಂಗಳಲ್ಲಿ ಬೋಸರು ಜಪಾನಿಗೆ ತೆರಳಿದರು. ಸಾನ್ಯಾಲರು ಸೆರೆಸಿಕ್ಕಿ, ಬನಾರಸ್ ಪಿತೂರಿ ಮೊಕದ್ದಮೆಯಲ್ಲಿ 1916ರಲ್ಲಿ ಕರಿನೀರಿನ ಶಿಕ್ಷೆಗೆ ಗುರಿಯಾದರು.

ಪೊಲೀಸರು ಏಕೆ ಸೋತರೆಂಬುದನ್ನು 1918ರಲ್ಲಿ ಬಂದ ರೌಲಟ್ ಸಮಿತಿಯ ವರದಿಯೇ ವಿವರಿಸಿತು. ಬನಾರಸ್ ಹಲವು ಪ್ರಾಂತಗಳ ಜನರು ಬೇರೆಬೇರೆ ಕೇರಿಗಳಲ್ಲಿ ನೆಲೆಸಿದ ನಗರ. ಬಂಗಾಲಿಗಳು ತಮ್ಮ ಕೇರಿಯಲ್ಲಿ ತಮ್ಮಷ್ಟಕ್ಕೆ ಇರುವವರು. ಬಂಗಾಲಿ ಮಾತನಾಡಲು, ತಿಳಿಯಲು ಬಾರದ ಪೊಲೀಸರಿಗೆ ಅಲ್ಲಿ ನಡೆಯುವುದು ಗೊತ್ತಾಗುವುದು ಕಷ್ಟ. ಸಮಿತಿಯ ಸಮಜಾಯಿಷಿಯ ಸಾರ ಇಷ್ಟು. ಅದು ಹೇಳದೆ ಬಿಟ್ಟ ಮಾತೂ ಒಂದಿದೆ. ಭಾಷೆ ಬಂದಿದ್ದರೂ ಆ ಮನೆಗಳ ಬಾಗಿಲು ಪರಕೀಯ ಸರ್ಕಾರದ ಪೇದೆಗೆ ತೆರೆಯುತ್ತಿರಲಿಲ್ಲ. ರಾಸ್ ಬಿಹಾರಿಯವರನ್ನು ಕಾಪಾಡಿದ್ದು ಕೇವಲ ಅರಿಯದ ನುಡಿಯಲ್ಲ, ಪೊಲೀಸರಲ್ಲಿ ಜನರಿಗಿದ್ದ ಅವಿಶ್ವಾಸ. ದೇಶಕ್ಕೆ ಅದರಿಂದ ಒಳಿತೇ ಆಯಿತು. ಸ್ವತಂತ್ರ ದೇಶದ ಪೇದೆ ಇಂದು ಅದೇ ಓಣಿಯಲ್ಲಿ ತಿರುಗುವುದು ಕ್ರಾಂತಿಕಾರಿಯನ್ನು ಹುಡುಕಲು ಅಲ್ಲ. ಆದರೆ ನುಡಿ ಮತ್ತು ನಂಬಿಕೆ ಇವೆರಡರ ಕೊರತೆ ಅವನ ಕೆಲಸವನ್ನು ಇಂದಿಗೂ ಕೆಡಿಸಬಲ್ಲುದು.

ಆ ಕೊರತೆ ಕನ್ನಡಿಗರನ್ನೂ ತಾಗುತ್ತದೆ. 2022ರ ನವೆಂಬರ್ 11ರಂದು ಬೆಂಗಳೂರಿನಿಂದ ಕಾಶಿಗೆ ಭಾರತ್ ಗೌರವ್ ಯಾತ್ರಾ ರೈಲು ಆರಂಭವಾಯಿತು. ಕಾಶಿಯಾತ್ರಿಕರಿಗೆ ಕರ್ನಾಟಕ ಸರ್ಕಾರದ 5,000 ರೂಪಾಯಿ ಸಹಾಯಧನದ ಯೋಜನೆಯೂ ಬಂದಿತು. ಮೊದಲ ಸಲ ಊರು ಬಿಟ್ಟ, ಕನ್ನಡವೊಂದನ್ನೇ ಬಲ್ಲ ಹಿರಿಯರೂ ಇದರಿಂದ ಗಂಗೆಯನ್ನು ಕಂಡರು. ಗದಗದ ಕಡೆಯ ಅಜ್ಜಿಯೊಬ್ಬರು ಗುಂಪಿನಿಂದ ಬೇರೆಯಾಗಿ ಬಂಗಾಲಿ ಟೋಲಾದ ತಿರುವಿನಲ್ಲಿ ನಿಂತರೆಂದು ಭಾವಿಸಬಹುದು. ಅಂತಹವರಿಗೆ ‘ಮಠ’ ಎಂಬ ಮಾತು ಬಾಯಿಗೆ ಬರುತ್ತದೆ, ಮಠದ ಹೆಸರು ಬರುವುದಿಲ್ಲ. ಕಾಶಿಯಲ್ಲಿ ಮಠಗಳಿಗೆ ಲೆಕ್ಕವಿಲ್ಲ. ಹಣೆಯ ವಿಭೂತಿಯನ್ನೂ ಕೊರಳಿನ ಲಿಂಗವನ್ನೂ ನೋಡಿ ಜಂಗಮವಾಡಿಯೇ ಇರಬೇಕೆಂದು ಊಹಿಸುವ ಪೇದೆ ಸಿಕ್ಕರೆ ಅಜ್ಜಿ ಊಟದ ಹೊತ್ತಿಗೆ ಮಠ ಸೇರುತ್ತಾರೆ. ಅದನ್ನು ಊಹಿಸಲು ಪೇದೆಗೆ ಕನ್ನಡ ಬರಬೇಕೆಂದಿಲ್ಲ. ಆ ಓಣಿಯಲ್ಲಿ ಯಾವ ದೇಶದ ಜನ ಎಲ್ಲಿ ಇಳಿಯುತ್ತಾರೆಂಬ ಅರಿವಿದ್ದರೆ ಸಾಕು. ಅವನನ್ನು ಮೂರು ತಿಂಗಳಿಗೊಮ್ಮೆ ಬೇರೆ ಕಡೆಗೆ ಕಳುಹಿಸಿದರೆ ಆ ಅರಿವು ಎಂದೂ ಕೂಡಿಬರುವುದಿಲ್ಲ. ದಾರಿ ತಪ್ಪಿದವರು ನೆನಪಿಡಬೇಕಾದ ಸಂಗತಿಯೂ ಒಂದಿದೆ: ಇಲ್ಲಿ ಇಳಿಜಾರಾಗಿ ಪೂರ್ವಕ್ಕೆ ಹೋಗುವ ಓಣಿಗಳು ಘಟ್ಟದ ಕಡೆಗೆ ಕರೆದೊಯ್ಯುತ್ತವೆ, ಘಟ್ಟದ ಗೋಡೆಯ ಮೇಲೆ ಅದರ ಹೆಸರು ಬರೆದಿರುತ್ತದೆ. ತುರ್ತು ಸಹಾಯದ ದೂರವಾಣಿ ಸಂಖ್ಯೆ 112 ಎರಡೂ ರಾಜ್ಯಗಳಲ್ಲಿ ಒಂದೇ. ವಾಹನ ಮುಖ್ಯರಸ್ತೆಯವರೆಗೆ ಮಾತ್ರ ಬರಬಲ್ಲುದಾದ್ದರಿಂದ ಕರೆ ಮಾಡುವವರು ಹತ್ತಿರದ ಘಟ್ಟದ ಹೆಸರನ್ನಾಗಲಿ ಬಾಗಿಲ ಮೇಲಿನ ಸಂಖ್ಯೆಯನ್ನಾಗಲಿ ಹೇಳಬೇಕು.

ತಡೆದು ನಿಲ್ಲಿಸುವ ಅಧಿಕಾರ

ಗಸ್ತಿನ ಪೇದೆ ಕಾನೂನಿನ ಕೈಯಲ್ಲಿರುವ ಅತ್ಯಂತ ಕಿರಿಯ ಅಧಿಕಾರಿ. ಆದರೆ ಸಾಮಾನ್ಯ ಪ್ರಜೆಯ ಸ್ವಾತಂತ್ರ್ಯವನ್ನು ಮೊದಲು ಮುಟ್ಟುವ ಕೈ ಅವನದೇ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 35ನೆಯ ಪ್ರಕರಣದ ಮೇರೆಗೆ, ತನ್ನೆದುರಿಗೆ ಸಂಜ್ಞೇಯ ಅಪರಾಧ ನಡೆದರೆ ಅವನು ವಾರಂಟಿಲ್ಲದೆ ಬಂಧಿಸಬಹುದು. ಬೇರೆ ಸಂದರ್ಭಗಳಲ್ಲಿ ಸಮಂಜಸವಾದ ದೂರು, ನಂಬಲರ್ಹ ಮಾಹಿತಿ ಅಥವಾ ಸಕಾರಣವಾದ ಶಂಕೆ ಇರಬೇಕು. ಏಳು ವರ್ಷಗಳವರೆಗಿನ ಶಿಕ್ಷೆಯ ಅಪರಾಧಗಳಾದರೆ ಬಂಧನ ಏಕೆ ಅಗತ್ಯವೆಂಬುದನ್ನು ಬರೆದಿಡಬೇಕು. ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧದ ಆರೋಪವಿರುವವರು ಅಶಕ್ತರಾಗಿದ್ದರೆ ಅಥವಾ 60 ವರ್ಷ ಮೀರಿದವರಾಗಿದ್ದರೆ, ಡಿವೈಎಸ್ಪಿ ದರ್ಜೆಗೆ ಕಡಿಮೆಯಲ್ಲದ ಅಧಿಕಾರಿಯ ಅನುಮತಿ ಬೇಕು. ವೃದ್ಧರೇ ಹೆಚ್ಚಾಗಿ ಬರುವ ಕಾಶಿಯಲ್ಲಿ ಇದು ಸಣ್ಣ ಮಾತಲ್ಲ.

ಇದೇ ಸಂಹಿತೆಯ 172ನೆಯ ಪ್ರಕರಣ ಹೊಸದು. ಅಪರಾಧ ತಡೆಯುವ ಕರ್ತವ್ಯದಲ್ಲಿ ಪೊಲೀಸರು ಕೊಡುವ ಕಾನೂನುಬದ್ಧ ಸೂಚನೆಗಳನ್ನು ಎಲ್ಲರೂ ಪಾಲಿಸಬೇಕು. ಪಾಲಿಸದವರನ್ನು ತಡೆಹಿಡಿಯಬಹುದು ಅಥವಾ ಅಲ್ಲಿಂದ ಕಳುಹಿಸಬಹುದು. ಸಣ್ಣ ವಿಷಯವಾದರೆ 24 ಗಂಟೆಗಳೊಳಗೆ ಬಿಡಬೇಕು. ಆರತಿಯ ನೂಕುನುಗ್ಗಲಿನಲ್ಲಿ ಈ ಅಧಿಕಾರ ಜೀವ ಉಳಿಸಬಹುದು. ಖಾಲಿ ಓಣಿಯಲ್ಲಿ, ಎದುರು ಮಾತಾಡಿದ ತರುಣನ ಮೇಲೆ ಅದನ್ನೇ ಬಳಸಿದರೆ ಅನ್ಯಾಯವಾಗಬಹುದು. ‘ಕಾನೂನುಬದ್ಧ’ ಎಂಬ ವಿಶೇಷಣವೇ ಇಲ್ಲಿ ಪ್ರಜೆಯ ರಕ್ಷೆ. ಬಂಧಿಸುವ ಅಧಿಕಾರವಿದೆ ಎಂಬ ಮಾತ್ರಕ್ಕೆ ಬಂಧಿಸಲಾಗದು ಎಂದು ಸರ್ವೋಚ್ಚ ನ್ಯಾಯಾಲಯ 1994ರಲ್ಲಿ ಜೋಗಿಂದರ್ ಕುಮಾರ್ ಪ್ರಕರಣದಲ್ಲಿ ಹೇಳಿತು. ಅದು ಉತ್ತರ ಪ್ರದೇಶದಿಂದಲೇ ಬಂದ ಪ್ರಕರಣ. 1996ರ ಡಿಸೆಂಬರ್ 18ರ ಡಿ. ಕೆ. ಬಸು ತೀರ್ಪು ಪೊಲೀಸರು ಕಾಣುವಂತೆ ನಾಮಫಲಕ ಧರಿಸಬೇಕು, ಬಂಧನದ ಪತ್ರಕ್ಕೆ ಸಾಕ್ಷಿಯ ಸಹಿ ಪಡೆಯಬೇಕು, ಬಂಧುಗಳಿಗೆ ತಿಳಿಸಬೇಕು ಎಂದು ವಿಧಿಸಿತು. ಇವು ಈಗ ಸಂಹಿತೆಯಲ್ಲಿಯೇ ಸೇರಿವೆ. ಮಹಿಳೆಯ ಅಂಗಶೋಧನೆಯನ್ನು ಮಹಿಳೆಯೇ ಮಾಡಬೇಕು. ಅಸಾಧಾರಣ ಸಂದರ್ಭಗಳ ಹೊರತು ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಮಹಿಳೆಯನ್ನು ಬಂಧಿಸುವಂತಿಲ್ಲ. ಬಂಧಿತರನ್ನು, ಪ್ರಯಾಣದ ವೇಳೆ ಬಿಟ್ಟು, 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂಬುದು ಸಂವಿಧಾನದ 22ನೆಯ ಅನುಚ್ಛೇದದ ಆದೇಶ.

ಕಳ್ಳತನಕ್ಕೆ ಒಳಗಾದ ಯಾತ್ರಿಕರಿಗೂ ಸಂಹಿತೆಯಲ್ಲಿ ಅನುಕೂಲವಿದೆ. ರೈಲಿನ ವೇಳೆಯಾಯಿತೆಂದು ದೂರು ಕೊಡದೆ ಊರಿಗೆ ಮರಳಿದವರು 173ನೆಯ ಪ್ರಕರಣದ ಮೇರೆಗೆ ತಮ್ಮ ಊರಿನ ಠಾಣೆಯಲ್ಲಿಯೂ, ಕನ್ನಡದಲ್ಲಿಯೇ, ಸಂಜ್ಞೇಯ ಅಪರಾಧದ ವರ್ತಮಾನ ಕೊಡಬಹುದು. ಘಟನೆ ನಡೆದ ಸರಹದ್ದು ಬೇರೆ ಎಂಬ ಕಾರಣಕ್ಕೆ ಅದನ್ನು ನಿರಾಕರಿಸುವಂತಿಲ್ಲ. ವಿದ್ಯುನ್ಮಾನ ಮಾಧ್ಯಮದ ಮೂಲಕ ಕಳುಹಿಸಿದರೆ ಮೂರು ದಿನಗಳೊಳಗೆ ಸಹಿ ಹಾಕಬೇಕು. ವರದಿಯ ಪ್ರತಿ ಉಚಿತ.

ಸುತ್ತು ಹಾಕುವುದರಿಂದ ಪ್ರಯೋಜನವೇನು

ಈ ಪ್ರಶ್ನೆಯನ್ನು ಕೇಳಿದವರು ಪೊಲೀಸರೇ. ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ 1972–73ರಲ್ಲಿ ಕಾರಿನ ಗಸ್ತನ್ನು ಕೆಲವು ಭಾಗಗಳಲ್ಲಿ ಹೆಚ್ಚಿಸಿ, ಕೆಲವೆಡೆ ನಿಲ್ಲಿಸಿ ನೋಡಲಾಯಿತು. ಅಪರಾಧಗಳಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಗಸ್ತು ಬದಲಾದುದು ನಿವಾಸಿಗಳ ಗಮನಕ್ಕೂ ಬರಲಿಲ್ಲ. ಕೆಲವು ವರ್ಷಗಳ ಬಳಿಕ ನೆವಾರ್ಕ್ ನಗರದಲ್ಲಿ ಕಾಲ್ನಡಿಗೆಯ ಗಸ್ತನ್ನು ಪರೀಕ್ಷಿಸಿದಾಗ ಅಪರಾಧದ ಸಂಖ್ಯೆ ಹೆಚ್ಚೇನೂ ಇಳಿಯದಿದ್ದರೂ ಜನರ ಭಯ ಇಳಿದುದು ಕಂಡುಬಂದಿತು. 2009ರಲ್ಲಿ ಫಿಲಡೆಲ್ಫಿಯಾದಲ್ಲಿ ಅಪರಾಧ ಹೆಚ್ಚಿದ ಕೆಲವೇ ಬೀದಿಮೂಲೆಗಳನ್ನು ಆರಿಸಿ ಪೇದೆಗಳನ್ನು ನಡೆಸಿದಾಗ ಹಿಂಸಾಪರಾಧಗಳು ಸುಮಾರು ಶೇಕಡ 23ರಷ್ಟು ತಗ್ಗಿದವು. ಎಲ್ಲೆಡೆ ಸುಮ್ಮನೆ ಸುತ್ತುವುದಕ್ಕಿಂತ ತಕ್ಕ ಎಡೆಯಲ್ಲಿ ತಕ್ಕ ವೇಳೆಗೆ ನಡೆಯುವುದು ಫಲಕಾರಿ ಎಂದು ಇದರಿಂದ ತಿಳಿಯುತ್ತದೆ. ಜನರೊಡನೆ ಬೆರೆತು ನಡೆಯುವ ಪ್ರಯೋಗ ನಮ್ಮಲ್ಲಿಯೂ ಇದೆ. ಕೇರಳದಲ್ಲಿ 2008ರಲ್ಲಿ ಜನಮೈತ್ರಿ ಯೋಜನೆ ಆರಂಭವಾಯಿತು. ಕರ್ನಾಟಕದಲ್ಲಿ 2017ರಲ್ಲಿ ಬಂದ ಸುಧಾರಿತ ಗಸ್ತು ವ್ಯವಸ್ಥೆಯಲ್ಲಿ ಒಂದೊಂದು ಪ್ರದೇಶವನ್ನು ಒಬ್ಬೊಬ್ಬ ಪೇದೆಯ ಹೊಣೆಗೆ ವಹಿಸಿ, ಅಲ್ಲಿಯ ನಾಗರಿಕರನ್ನು ಅವನೊಡನೆ ಜೋಡಿಸಲಾಯಿತು. ತಳವಾರನ ಹಳೆಯ ಪದ್ಧತಿಯನ್ನು ಅದು ಅಷ್ಟಿಷ್ಟು ಹೋಲುತ್ತದೆ.

ಮಳೆಗಾಲದಲ್ಲಿ ಈ ಲೆಕ್ಕಾಚಾರಗಳೆಲ್ಲ ಬದಿಗೆ ಸರಿಯುತ್ತವೆ. ವಾರಾಣಸಿಯಲ್ಲಿ ಗಂಗೆಯ ಎಚ್ಚರಿಕೆಯ ಮಟ್ಟ 70.262 ಮೀಟರ್, ಅಪಾಯದ ಮಟ್ಟ 71.262 ಮೀಟರ್. 1978ರಲ್ಲಿ ನೀರು 73.901 ಮೀಟರಿನವರೆಗೆ ಏರಿತ್ತು. ನದಿ ಏರಿದಾಗ ಒಂದು ಘಟ್ಟದಿಂದ ಇನ್ನೊಂದಕ್ಕೆ ಹೋಗುವ ಮೆಟ್ಟಿಲ ದಾರಿ ಮುಳುಗುತ್ತದೆ, ದೋಣಿಗಳನ್ನು ನಿಲ್ಲಿಸಲಾಗುತ್ತದೆ, ತೀರದ ಓಡಾಟವೆಲ್ಲ ಹಿಂದಿನ ಓಣಿಗಳಿಗೆ ತಿರುಗುತ್ತದೆ. ಆಗ ಬಂಗಾಲಿ ಟೋಲಾದಲ್ಲಿ ಪೇದೆಗೆ ಹೆಜ್ಜೆಯಿಡಲು ಎಡೆ ಸಿಕ್ಕುವುದೇ ಕಷ್ಟ. ಘಟ್ಟಕ್ಕಿಳಿಯುವ ಪ್ರತಿ ಕವಲಿನಲ್ಲಿ ನಿಂತು, ನೀರು ನೋಡಲು ಹೋಗುವವರನ್ನು ಹಿಂದಕ್ಕೆ ಕಳುಹಿಸಬೇಕು. ತಗ್ಗಿನ ಮನೆಗಳಿಂದ ಹೊರಬರಲು ಒಲ್ಲದ ಮುದುಕಿಯರನ್ನು ಒಪ್ಪಿಸಬೇಕು. ಕಾಶಿಯಲ್ಲಿ ಸಾಯಲೆಂದೇ ಬಂದವರಿಗೆ ಪ್ರಾಣಾಪಾಯವಿದೆ ಎಂದು ಹೇಳಿ ಒಪ್ಪಿಸುವುದು ಸುಲಭವಲ್ಲ.

ಪಾಳಿ ಮುಗಿಸಿ ಮರಳಿದ ಪೇದೆ ದಿನಚರಿಯಲ್ಲಿ ವಾಪಸಿ ಬರೆಸುತ್ತಾನೆ. ದಾರಿಯಲ್ಲಿ ಸಿಕ್ಕ ವಾರಸುದಾರರಿಲ್ಲದ ವಸ್ತುಗಳನ್ನು 25ನೆಯ ಪ್ರಕರಣದ ಮೇರೆಗೆ ಒಪ್ಪಿಸುತ್ತಾನೆ: ಒಂದು ಕೊಡೆ, ಒಂದು ಕನ್ನಡಕ, ಗಂಗಾಜಲದ ತಂಬಿಗೆ. ಬಿರುಕು ಬಿಟ್ಟ ಗೋಡೆಯ ಮನೆಸಂಖ್ಯೆಯನ್ನೂ ದೀಪ ಹತ್ತದ ಕೋಣೆಯ ವಿಷಯವನ್ನೂ ಮುಂದಿನ ಪಾಳಿಯವರಿಗೆ ಹೇಳುತ್ತಾನೆ. ಅವರ ರವಾನಗಿ ಅದರ ಕೆಳಗಿನ ಸಾಲಿನಲ್ಲಿ ನಮೂದಾಗುತ್ತದೆ.